ಮಂಡಿ ಲೆಕ್ಕಕ್ಕೆ ಆಕ್: ಏಳು ಮುನಿಯಪ್ಪ, ಎರಡು ಸುರೇಶ್, ಮೂರೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಫ್ಟ್‌ವೇರ್ ಕಂಪನಿಯವನಲ್ಲ. ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮ ಮಾವನ ಟೊಮೆಟೊ ಮಂಡಿ ಇದೆ, ಅಲ್ಲಿ ರೈಟರ್ ಕೆಲಸ ನನ್ನದು. ಯಾರು ಎಷ್ಟು ಬಾಕ್ಸ್ ತಂದರು, ಎಷ್ಟಕ್ಕೆ ಹರಾಜಾಯಿತು, ಪಟ್ಟಿ ಬರೆದು ಕೊಟ್ಟಾಯಿತಾ, ಇಷ್ಟೇ ನನ್ನ ಪ್ರಪಂಚ. ಹಾಗಾಗಿ ಇದು ಪಂಡಿತರ ವಿಮರ್ಶೆ ಅಲ್ಲ, ಒಂದು ಸೀಸನ್‌ನ ಲೆಕ್ಕವನ್ನು ಇದರಲ್ಲಿ ಎಳೆದಾಡಿದವನ ಮಾತು. ವಸ್ತುವಿನ ಹೆಸರು ಆಕ್ (awk), ಟೆಕ್ಸ್ಟ್ ಫೈಲನ್ನು ಸಾಲು ಸಾಲಾಗಿ ಓದಿ ಲೆಕ್ಕ ತೆಗೆಯುವ ಒಂದು ಪುಟ್ಟ ಪ್ರೋಗ್ರಾಂ. ಬೆಲೆ ಸೊನ್ನೆ. ವಿಂಡೋಸ್ ಬದಲು ಲಿನಕ್ಸ್ ಇರುವ ಲ್ಯಾಪ್‌ಟಾಪ್ ನಿಮ್ಮ ಹತ್ತಿರ ಇದ್ದರೆ ಅದು ಆಗಲೇ ಒಳಗೆ ಕೂತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ ಅಷ್ಟೆ.

ಇದರ ಸಹವಾಸಕ್ಕೆ ಬಿದ್ದದ್ದು ಟಾರ್ಪಾಲಿನಿಂದ. ಸೀಸನ್ ಮುಗಿಯುವ ಹೊತ್ತಿಗೆ ಮಾವನಿಗೆ ಒಂದು ಯೋಚನೆ ಬಂತು. ನಮ್ಮ ಮಂಡಿಗೇ ಮಾಲು ಹಾಕುವ ರೈತರಿಗೆ, 50 ಸಲಕ್ಕಿಂತ ಜಾಸ್ತಿ ಬಂದವರಿಗೆ, ಆಯುಧಪೂಜೆಗೆ ತಲಾ ಒಂದು ಟಾರ್ಪಾಲು ಕೊಡೋಣ ಅಂತ. ಕೊಡೋಣ ಅಂದುಬಿಟ್ಟರು, ಎಣಿಸುವವನು ನಾನು ತಾನೇ. ಲೆಕ್ಕವೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿದೆ. ಒಂದು ಸಾಲಿಗೆ ಒಂದು ಲೋಡ್: ತಾರೀಕು, ಹೆಸರು, ಬಾಕ್ಸ್, ಊರು, ನಡುವೆ ಅಲ್ಪವಿರಾಮ. ಜೂನ್‌ನಿಂದ ಸೆಪ್ಟೆಂಬರ್ ತನಕ 4,876 ಸಾಲು. ಅದರಲ್ಲಿ ಯಾವ ಹೆಸರು ಎಷ್ಟು ಸಲ ಬಂದಿದೆ ಅಂತ ಹೇಳಬೇಕು. ಮೊದಲ ದಿನ ಪೆನ್ನು ಹಿಡಿದು ನಾಲ್ಕು ಗೀಟು, ಅಡ್ಡಕ್ಕೆ ಒಂದು ಗೀಟು ಅಂತ ಶುರು ಮಾಡಿದೆ. 300ನೇ ಸಾಲಿಗೆ ಯಾರೋ ಚೀಟಿ ಕೇಳಲು ಬಂದರು, ಎಲ್ಲಿದ್ದೆ ಅನ್ನುವುದು ಮರೆತುಹೋಯಿತು.

ಎಕ್ಸೆಲ್‌ನಲ್ಲಿ ಪಿವೊಟ್ ಟೇಬಲ್ ಮಾಡಬಹುದಿತ್ತಲ್ವಾ ಅನ್ನುವವರಿಗೆ: ಮಾಡಬಹುದಿತ್ತು. ಮಂಡಿಯ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇಲ್ಲ. ಮುಗಿಯಿತು.

ಬೆಂಗಳೂರಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಫೋನಿನಲ್ಲಿ ಆಕ್ ಹೆಸರು ಹೇಳಿ, ಒಂದೇ ಒಂದು ಸಾಲಿನ ಕಮಾಂಡ್ ಕಳಿಸಿದ. ಕಮಾಂಡ್ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು, ಆದರೆ ಅದು ಏನು ಮಾಡುತ್ತದೆ ಅನ್ನುವುದನ್ನು ಕನ್ನಡದಲ್ಲೇ ಹೇಳಬಹುದು. ನಮ್ಮ ಮಂಡಿ ಗೋಡೆಗೆ ಒಂದು ಮರದ ಗೂಡಿನ ಚೌಕಟ್ಟು ಹೊಡೆದಿದ್ದೇವೆ, ಒಬ್ಬೊಬ್ಬ ರೈತನ ಪಟ್ಟಿಗೆ ಒಂದೊಂದು ಗೂಡು. ಆಕ್ ಒಳಗೂ ಅಂಥದ್ದೇ ಗೂಡುಗಳ ಸಾಲು. ಫೈಲನ್ನು ಒಂದೊಂದೇ ಸಾಲು ಓದುತ್ತಾ ಹೋಗುತ್ತದೆ, ಎರಡನೇ ಕಾಲಂನಲ್ಲಿರುವ ಹೆಸರು ನೋಡುತ್ತದೆ, ಅದಕ್ಕೆ ಡಾಲರ್ ಎರಡು ಅನ್ನುತ್ತಾರೆ. ಆ ಹೆಸರಿನ ಗೂಡು ಇದ್ದರೆ ಒಳಗಿನ ಅಂಕಿಗೆ ಒಂದು ಕೂಡಿಸುತ್ತದೆ, ಇಲ್ಲದಿದ್ದರೆ ಹೊಸ ಗೂಡು ತಾನೇ ಮಾಡಿಕೊಂಡು ಅದರಲ್ಲಿ ಒಂದು ಇಡುತ್ತದೆ. ಕೊನೇ ಸಾಲು ಮುಗಿದ ಮೇಲೆ ಎಲ್ಲಾ ಗೂಡುಗಳ ಹೆಸರನ್ನೂ ಅಂಕಿಯನ್ನೂ ಬರೆದು ಕೊಡುತ್ತದೆ. ಅಷ್ಟೇ. ಗೂಡು ಮಾಡು ಅಂತ ನೀವು ಹೇಳಬೇಕಾಗಿಲ್ಲ, ಸೊನ್ನೆಯಿಂದ ಶುರು ಮಾಡು ಅಂತಲೂ ಹೇಳಬೇಕಾಗಿಲ್ಲ. ಈ ಒಂದು ಗುಣಕ್ಕೆ ನನಗೆ ಇದು ಇಷ್ಟವಾಯಿತು.

4,876 ಸಾಲನ್ನು ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಮುಗಿಸಿತು.

ಇದೇನು ಹೊಸ ಸಾಮಾನು ಅಲ್ಲ. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೂವರು ಸೇರಿ ಮಾಡಿದ್ದು. ಆಹೊ, ವೈನ್‌ಬರ್ಗರ್, ಕರ್ನಿಹಾನ್, ಈ ಮೂವರ ಹೆಸರಿನ ಮೊದಲಕ್ಷರ ಕೂಡಿಸಿದರೆ ಆಕ್. ಹೆಸರು ಎಣಿಸುವ ಯಂತ್ರಕ್ಕೆ ಹೆಸರುಗಳಿಂದಲೇ ಹೆಸರು. ಅದರಲ್ಲಿ ಕರ್ನಿಹಾನ್ ಅವರು 80 ವರ್ಷ ವಯಸ್ಸಿನಲ್ಲಿ, 2022ರಲ್ಲಿ, ತಮ್ಮ ಮೂಲ ಆಕ್‌ಗೆ ತಾವೇ ಯುನಿಕೋಡ್ ಸೇರಿಸಿದರು. ಅಂದರೆ ಇಂಗ್ಲಿಷ್ ಅಲ್ಲದ ಲಿಪಿಗಳನ್ನೂ ಅಕ್ಷರವಾಗಿ ನೋಡುವ ಬುದ್ಧಿ ಕೊಟ್ಟರು. ಈ ಯುನಿಕೋಡ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಎರಡು ರಾತ್ರಿ ತಿಂದದ್ದು ಅದೇ.

ಮೊದಲ ರಿಸಲ್ಟ್ ನೋಡಿ ನಗು ಬಂತು. ಹೆಸರಿನ ಜಾಗದಲ್ಲಿ ಅರ್ಧಂಬರ್ಧ ಮಾತು, ಊರಿನ ತುಂಡು, ಏನೇನೋ. ತಪ್ಪು ನನ್ನದೇ. ಏನೂ ಹೇಳದಿದ್ದರೆ ಆಕ್ ಖಾಲಿ ಜಾಗ ಕಂಡಲ್ಲೆಲ್ಲ ಸಾಲನ್ನು ಕತ್ತರಿಸುತ್ತದೆ. ನಾರಾಯಣ ಸ್ವಾಮಿ ಅಂತ ಬಿಡಿಸಿ ಬರೆದಿದ್ದರೆ ನಾರಾಯಣ ಒಂದು ಕಡೆ, ಸ್ವಾಮಿ ಇನ್ನೊಂದು ಕಡೆ. ಕತ್ತರಿಸಬೇಕಾದ್ದು ಅಲ್ಪವಿರಾಮದಲ್ಲಿ ಅಂತ ಮೈನಸ್ ದೊಡ್ಡ ಎಫ್ ಹಾಕಿ ಹೇಳಬೇಕು. ಇನ್ನೊಂದು, ರಿಸಲ್ಟ್ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ, ಗೂಡುಗಳನ್ನು ತನಗೆ ಬಂದ ಹಾಗೆ ಸುರಿಯುತ್ತದೆ. ಸಾರ್ಟ್ ಅನ್ನುವ ಇನ್ನೊಂದು ಕಮಾಂಡ್‌ಗೆ ದಾಟಿಸಿದರೆ ಜಾಸ್ತಿ ಬಂದವರು ಮೇಲೆ ನಿಲ್ಲುತ್ತಾರೆ. ಇವೆರಡೂ ಹತ್ತು ನಿಮಿಷದ ಕೆಲಸ.

ಸರಿ ಮಾಡಿ ಪ್ರಿಂಟ್ ತೆಗೆದು ಮಾವನ ಕೈಗೆ ಕೊಟ್ಟೆ. ಮೇಲಿನ ಸಾಲು: ಮುನಿಯಪ್ಪ, 203.

ಮಾವ ಕನ್ನಡಕ ಏರಿಸಿ ನೋಡಿದರು. "ಯಾವ ಮುನಿಯಪ್ಪನೋ ಅಳಿಯ?"

"ಅದೇ ಮಾವ, ಮುನಿಯಪ್ಪ."

"ನಮ್ಮಂಡೀಗೆ ಏಳು ಜನ ಮುನಿಯಪ್ಪಂದ್ರು ಬರ್ತಾರೆ ಕಣಪ್ಪ. ಏಳು ಜನಕ್ಕೂ ಸೇರಿ ಒಂದು ಟಾರ್ಪಾಲ್ ಕೊಡ್ಲಾ?"

ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಒಂದು ಕಲ್ಲು ಎಸೆದರೆ ಮುನಿಯಪ್ಪನಿಗೆ ತಗಲುತ್ತದೆ, ತಪ್ಪಿದರೆ ಮುನಿಸ್ವಾಮಿಗೆ, ಅವನೂ ಬಗ್ಗಿದರೆ ಮುನಿರಾಜುಗೆ. ಆಕ್ ಎಣಿಸಿದ್ದು ಮುನಿಯಪ್ಪ ಅನ್ನುವ ಅಕ್ಷರಗಳನ್ನು, ಮುನಿಯಪ್ಪಂದಿರನ್ನಲ್ಲ. ಪರಿಹಾರ ಸುಲಭವೇ: ಗೂಡಿನ ಹೆಸರನ್ನು ಬರೀ ಡಾಲರ್ ಎರಡು ಅಂತ ಇಡುವ ಬದಲು, ಡಾಲರ್ ಎರಡು ಮತ್ತು ಡಾಲರ್ ನಾಲ್ಕು ಸೇರಿಸಿ, ಹೆಸರು ಪ್ಲಸ್ ಊರು. ವೇಮಗಲ್ ಮುನಿಯಪ್ಪ ಒಂದು ಗೂಡು, ನರಸಾಪುರದ ಮುನಿಯಪ್ಪ ಇನ್ನೊಂದು.

ಮಾಡಿದೆ. ಈ ಸಲ ವೇಮಗಲ್ ಮುನಿಯಪ್ಪ ಎರಡು ಕಡೆ ಬಂದ! ಒಂದರಲ್ಲಿ 34, ಇನ್ನೊಂದರಲ್ಲಿ 29. ಅಕ್ಷರ ಅದೇ, ಊರು ಅದೇ. ಅರ್ಧ ಗಂಟೆ ಕಣ್ಣು ಬಿಟ್ಟುಕೊಂಡು ನೋಡಿದ ಮೇಲೆ ಗೆಳೆಯ ಹೇಳಿದ, ಕೆಲವು ಸಾಲನ್ನು ಮಂಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದೀಯ, ಕೆಲವನ್ನು ನಿನ್ನ ಲಿನಕ್ಸ್‌ನಲ್ಲಿ, ಅಲ್ವಾ? ಹೌದು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಆ ಹೆಚ್ಚಿನ ಗುರುತು, ಕ್ಯಾರೇಜ್ ರಿಟರ್ನ್, ಊರಿನ ಬಾಲಕ್ಕೆ ಅಂಟಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಊರು ನನ್ನ ಫೈಲ್‌ನಲ್ಲಿ ಕೊನೇ ಕಾಲಂ ಆಗಿದ್ದರಿಂದ ಬಂದ ತಲೆನೋವು ಇದು. ಸಾಲಿನ ಕೊನೆಯ ಆ ಗುರುತು ಕಿತ್ತುಹಾಕು ಅಂತ ಒಂದು ಮಾತು ಸೇರಿಸಿದರೆ ಆಯಿತು. ಇದು ಆಕ್‌ನ ತಪ್ಪಲ್ಲ, ಸ್ಟಾರ್ ಕಡಿಮೆ ಮಾಡುವುದಿಲ್ಲ.

ಕಡಿಮೆ ಮಾಡುವುದು ಸುರೇಶನ ವಿಷಯಕ್ಕೆ.

ಮಾವ ಎರಡನೇ ಪಟ್ಟಿಯಲ್ಲಿ ಬೆರಳಾಡಿಸುತ್ತಾ ಬಂದು ನಿಂತರು. "ಸುರೇಶ ಎಲ್ಲೋ? ಮಳೆ ಇರ್ಲಿ ಬಿಸಿಲಿರ್ಲಿ ದಿನಾ ಬರ್ತಾನೆ, ಅವನ ಹೆಸರೇ ಇಲ್ಲ ಅಂತೀಯ?" ಇತ್ತು, ಆದರೆ 50ರ ಗೆರೆ ಕೆಳಗೆ. ಸುರೇಶ್, 31. ಅದರ ಕೆಳಗೇ ಸುರೇಶ್, 27. ಊರೂ ಒಂದೇ, ಕ್ಯಾರೇಜ್ ರಿಟರ್ನ್ ಆಗಲೇ ಕಿತ್ತಾಗಿದೆ. ಕೂಡಿಸಿದರೆ 58, ಟಾರ್ಪಾಲು ಗ್ಯಾರಂಟಿ. ಬೇರೆ ಬೇರೆ ಎಣಿಸಿದರೆ ಆ ಹುಡುಗನಿಗೆ ಏನೂ ಇಲ್ಲ.

ಸ್ಕ್ರೀನ್ ಮೇಲೆ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಒಂದು ಕೂದಲಿನ ವ್ಯತ್ಯಾಸವೂ ಇಲ್ಲ. ಕೊನೆಗೆ ಆಕ್‌ಗೇ ಕೇಳಿದೆ, ಈ ಹೆಸರಿನ ಉದ್ದ ಎಷ್ಟು ಹೇಳು ಅಂತ. ಒಂದಕ್ಕೆ 18 ಅಂತು, ಇನ್ನೊಂದಕ್ಕೆ 21. ಸುರೇಶ್ ಅನ್ನುವುದಕ್ಕೆ 18 ಅಕ್ಷರವಾ? ಆಗ ಗೊತ್ತಾಯಿತು, ನನ್ನ ಉಬುಂಟುವಿನಲ್ಲಿ, ಅಂದರೆ ನನ್ನ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ, ಮೊದಲಿಂದ ಇರುವುದು ಆಕ್‌ನ ಇನ್ನೊಂದು ರೂಪ, ಮಾಕ್ ಅನ್ನುವ ತಮ್ಮ. ಅವನು ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತಾನೆ, ಅಂದರೆ ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವ ಚಿಕ್ಕ ಚಿಕ್ಕ ಖಾನೆಗಳನ್ನು. ಯುನಿಕೋಡ್ ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ತುಂಡಿಗೂ ಮೂರು ಬೈಟ್. ಗಾಕ್ ಅನ್ನುವ ಅಣ್ಣನನ್ನು ಇನ್‌ಸ್ಟಾಲ್ ಮಾಡಿ ಅದೇ ಪ್ರಶ್ನೆ ಕೇಳಿದೆ. 6 ಮತ್ತು 7. ಈಗ ಸ್ವಲ್ಪ ಅರ್ಥವಾಯಿತು: ಸ, ಕೊಂಬು, ರ, ಏತ್ವ, ಶ, ಕೊನೆಗೆ ಅರ್ಧಾಕ್ಷರದ ಗುರುತು, ಒಟ್ಟು ಆರು. ಹಾಗಾದರೆ ಏಳನೆಯದು ಯಾರು?

ಏಳನೆಯದು ಒಂದು ಅದೃಶ್ಯ ಗುರುತು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು, ಹೆಸರು ಹೇಳುವಷ್ಟರಲ್ಲಿ ಬಾಯಿ ಒಣಗುತ್ತದೆ. ನಮ್ಮ ಭಾಷೆಗೆ ಇದು ಬೇಕು. ರಾಜ್‌ಕುಮಾರ್ ಅಂತ ಬರೆಯುವಾಗ ಜ್ ಕೆಳಗೆ ಕ ಒತ್ತಾಗಿ ಬೀಳದ ಹಾಗೆ ತಡೆಯುವುದು ಇದೇ, ಇಲ್ಲದಿದ್ದರೆ ರಾಜ್ಕುಮಾರ್ ಅಂತ ಆಗಿಬಿಡುತ್ತದೆ. ಆದರೆ ಕೆಲವು ಟೈಪಿಂಗ್ ಸಾಧನಗಳು ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೂ ಸುಮ್ನೆ ಇದನ್ನು ಅಂಟಿಸುತ್ತವೆ. ಅಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಬೆಳಗ್ಗೆ ಹರಾಜಿನ ಹೊತ್ತಿಗೆ ನಮ್ಮ ಹುಡುಗ ಫೋನಿನಲ್ಲಿ ಟೈಪ್ ಮಾಡುತ್ತಾನೆ, ಮಧ್ಯಾಹ್ನ ನಾನು ಲ್ಯಾಪ್‌ಟಾಪ್‌ನಲ್ಲಿ. ಬೆಳಗ್ಗೆ ಬಂದ ಸುರೇಶ್ ಬೇರೆ, ಮಧ್ಯಾಹ್ನ ಬಂದ ಸುರೇಶ್ ಬೇರೆ ಆಗಿಬಿಟ್ಟಿದ್ದ. ರಮೇಶ್, ಮಂಜುನಾಥ್, ಪ್ರಕಾಶ್, ಅರ್ಧಾಕ್ಷರದಲ್ಲಿ ಮುಗಿಯುವ ಎಲ್ಲಾ ಹುಡುಗರದ್ದೂ ಇದೇ ಕಥೆ. ವೆಂಕಟೇಶಪ್ಪ, ಕೃಷ್ಣಪ್ಪ, ಚೌಡರೆಡ್ಡಿ, ಈ ಹಳೇ ತಲೆಗಳಿಗೆ ಏನೂ ಆಗಿಲ್ಲ. ಸ್ವರದಲ್ಲಿ ಮುಗಿಯುವ ಹೆಸರಿಟ್ಟ ಹಿರಿಯರು ಪುಣ್ಯವಂತರು.

ಎಣಿಸುವ ಮೊದಲು ಆ ಗುರುತನ್ನು ಅಳಿಸು ಅಂತ ಆಕ್‌ಗೆ ಹೇಳಬಹುದು, ಜಿಸಬ್ ಅನ್ನುವ ಒಂದು ಮಾತು ಸಾಕು. ಆದರೆ ಹೆಸರಿನಿಂದಲೇ ಅಳಿಸಿದರೆ ಪ್ರಿಂಟ್ ಆಗುವಾಗ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾನೆ, ಅದನ್ನು ನೋಡಿ ಅವರಪ್ಪ ಜಗಳಕ್ಕೆ ಬರುತ್ತಾರೆ. ಅದಕ್ಕೆ ಎರಡು ಸಾಲು ಗೂಡು ಮಾಡಿದೆ. ಅಳಿಸಿದ ಹೆಸರಿನಲ್ಲಿ ಎಣಿಕೆ, ಪಕ್ಕದ ಗೂಡಿನಲ್ಲಿ ಮೂಲ ಹೆಸರು, ಪ್ರಿಂಟ್ ಮಾಡುವುದು ಮೂಲದ್ದನ್ನು. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು, ಸ್ವಲ್ಪ ಜಂಬ ಇದೆ.

ಇನ್ನು ಉದ್ದದ ವಿಷಯಕ್ಕೆ ಇನ್ನೊಂದು ಮಾತು. ಪ್ರಿಂಟ್‌ನಲ್ಲಿ ಅಂಕಿಗಳು ನೆಟ್ಟಗೆ ಒಂದರ ಕೆಳಗೆ ಒಂದು ನಿಲ್ಲಲಿ ಅಂತ ಹೆಸರಿಗೆ 20 ಜಾಗ ಬಿಡು ಅಂದೆ. ನಿಲ್ಲಲಿಲ್ಲ, ಕುಡಿದವರ ಸಾಲಿನ ಹಾಗೆ ಓಲಾಡಿತು. ಮುನಿಸ್ವಾಮಿ ಅನ್ನುವ ಹೆಸರು ಮಾಕ್‌ಗೆ 30, ಗಾಕ್‌ಗೆ 10, ನಮ್ಮ ಮಾವನಿಗೆ 4: ಮು, ನಿ, ಸ್ವಾ, ಮಿ. ಮಾವನ ಲೆಕ್ಕವೇ ಕಣ್ಣಿಗೆ ಹತ್ತಿರ. ಕೊನೆಗೆ ಅಂಕಿಯನ್ನು ಮೊದಲು, ಹೆಸರನ್ನು ಆಮೇಲೆ ಪ್ರಿಂಟ್ ಮಾಡಿ ಪಾರಾದೆ.

ಬಾಕ್ಸ್ ಮೊತ್ತ ಕೂಡಿಸಲು ಹೋದಾಗಲೂ ಒಂದು ಪೆಟ್ಟು ತಿಂದೆ. ನಮ್ಮಲ್ಲಿ ಬಾಕ್ಸ್ ಅಂದರೆ 15 ಕೆಜಿ. 2023ರ ಜುಲೈನಲ್ಲಿ ಇದೇ ಯಾರ್ಡ್‌ನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು, ಹಾಗಾಗಿ ಒಂದು ಬಾಕ್ಸ್ ಲೆಕ್ಕ ತಪ್ಪಿದರೂ ಹುಡುಗಾಟವಲ್ಲ. ನಮ್ಮ ಹುಡುಗ ಕನ್ನಡ ಅಭಿಮಾನಿ, ಕೆಲವು ದಿನ ೪೦, ೨೫ ಅಂತ ಕನ್ನಡ ಅಂಕಿಯಲ್ಲೇ ಬರೆದಿದ್ದ. ಆಕ್‌ಗೆ ಕನ್ನಡ ಅಂಕಿ ಅಂಕಿಯೇ ಅಲ್ಲ. ೪೦ ಅಂದರೆ ಸೊನ್ನೆ ಅಂತ ಹಿಡಿದು, ತಪ್ಪು ಅಂತಲೂ ಹೇಳದೆ, ಮುಂದಕ್ಕೆ ಹೋಗುತ್ತದೆ. ಬೈದರೂ ಪರವಾಗಿಲ್ಲ, ಸುಮ್ಮನಿರುವುದು ಅಪಾಯ. ಇದಕ್ಕೆ ಅರ್ಧ ಸ್ಟಾರ್ ಕಟ್.

ಇಲ್ಲಿಗೆ ಬಂದಾಗ ಗೆಳೆಯ ಅಂದ, ಪೈಥಾನ್ ನೋಡು. ನೋಡಿದೆ. 1991ರಿಂದ ಇರುವ, ಪ್ರೋಗ್ರಾಂ ಬರೆಯುವ ಭಾಷೆ, ಇದೂ ಪುಕ್ಕಟೆ. ಇದರಲ್ಲಿ ಕೌಂಟರ್ ಅನ್ನುವ ಸಿದ್ಧ ಸಾಮಾನೇ ಇದೆ. ಹೆಸರುಗಳ ಪಟ್ಟಿ ಕೊಟ್ಟರೆ ಎಣಿಸಿ ಇಡುತ್ತದೆ, ಜಾಸ್ತಿ ಬಂದ ಹತ್ತು ಹೆಸರು ಕೊಡು ಅಂದರೆ ಕ್ರಮವಾಗಿ ಕೊಡುತ್ತದೆ, ಸಾರ್ಟ್ ಬೇಕಿಲ್ಲ. ೪೦ ಕೊಟ್ಟರೆ 40 ಅಂತ ಒಪ್ಪಿಕೊಳ್ಳುತ್ತದೆ! ಇದನ್ನು ನೋಡಿ ನಮ್ಮ ಹುಡುಗ ಅರ್ಧ ಗಂಟೆ ಮೀಸೆ ತಿರುವಿದ. ಇನ್ನೊಂದು ದೊಡ್ಡ ಉಪಕಾರ ಇದೆ. ಹಳೇ ಫಾಂಟ್‌ನಿಂದ ಯುನಿಕೋಡ್‌ಗೆ ಬದಲಾಯಿಸಿದ ಹೋದ ವರ್ಷದ ಫೈಲ್‌ನಲ್ಲಿ ಗೋಪಾಲಪ್ಪ ಎರಡು ಥರ ಇದ್ದ. ಗೋ ಅನ್ನುವುದರ ಓತ್ವವನ್ನು ಒಂದೇ ಗುರುತಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ನೋಡುವುದಕ್ಕೆ ಎರಡೂ ಒಂದೇ. ಆಕ್‌ಗೆ ಇಬ್ಬರು ಗೋಪಾಲಪ್ಪಂದಿರು. ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಅನ್ನುವುದು ಜೊತೆಗೇ ಬರುತ್ತದೆ, ಎಲ್ಲವನ್ನೂ ಒಂದೇ ರೂಪಕ್ಕೆ ತಾ ಅಂದರೆ ಇಬ್ಬರನ್ನೂ ಒಬ್ಬನನ್ನಾಗಿ ಮಾಡುತ್ತದೆ. ಆದರೆ ಸುರೇಶನ ಅದೃಶ್ಯ ಬಾಲವನ್ನು ಅದೂ ಕೀಳುವುದಿಲ್ಲ, ಅದನ್ನು ಇಲ್ಲೂ ನೀವೇ ಕೀಳಬೇಕು.

ಹಾಗಂತ ಪೈಥಾನ್ ಹೂವಿನ ಹಾಸಿಗೆ ಅಂದುಕೊಳ್ಳಬೇಡಿ. ಮಂಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡಿಸಿದಾಗ ಮೊದಲ ಸಾಲಿನಲ್ಲೇ ಕೆಂಪು ಅಕ್ಷರದಲ್ಲಿ ಕಿರುಚಿತು, ಬೈಟ್ 81 ಓದಲಾಗುತ್ತಿಲ್ಲ ಅಂತ. ಹುಡುಕಿದರೆ ಸಿಕ್ಕಿಬಿದ್ದದ್ದು ಮುನಿಯಪ್ಪನ ಕೊಂಬು. ಫೈಲ್ ಯುಟಿಎಫ್-8ರಲ್ಲಿದೆ ಅಂತ ನಾನು ಹೇಳಿರಲಿಲ್ಲ, ಅದು ಪಾಶ್ಚಾತ್ಯ ಭಾಷೆಗಳ ಹಳೇ ಕೋಡ್ ಅಂದುಕೊಂಡು ಓದಿತ್ತು. ಆ ಕೋಡ್‌ನಲ್ಲಿ 81ಕ್ಕೆ ಯಾವ ಅಕ್ಷರವೂ ಇಲ್ಲ, ನಮ್ಮ ಕೊಂಬಿನ ಮೂರನೇ ಬೈಟ್ 81. ಮು ದಾಟಲಾಗದೆ ಸತ್ತಿತು. ಫೈಲ್ ತೆರೆಯುವಾಗ ಯುಟಿಎಫ್-8 ಅಂತ ಒಂದು ಮಾತು ಸೇರಿಸಿ, ಬದುಕುತ್ತದೆ. ಕಿರುಚಿದ್ದು ಒಳ್ಳೆಯದೇ ಆಯಿತು, ಆಕ್‌ನ ಹಾಗೆ ಸುಮ್ಮನೆ ಸೊನ್ನೆ ಹಾಕಿಕೊಂಡು ಹೋಗಲಿಲ್ಲ.

ಸಾರ್ಟ್ ಮಾಡಿ ಯುನಿಕ್ ಅನ್ನುವ ಕಮಾಂಡ್‌ಗೆ ಮೈನಸ್ ಸಿ ಹಾಕಿದರೂ ಎಣಿಕೆ ಬರುತ್ತದೆ, ಸ್ಕ್ರಿಪ್ಟೇ ಬೇಡ ಅನ್ನುವವರು ಇದ್ದಾರೆ. ಬರುತ್ತದೆ. ಅದು ಅಕ್ಕಪಕ್ಕ ಇರುವ ಸಾಲುಗಳನ್ನು ಮಾತ್ರ ಒಂದು ಅಂತ ನೋಡುತ್ತದೆ, ಸಾರ್ಟ್ ಮರೆತರೆ ಅದೇ ಸುರೇಶ ಹತ್ತು ಕಡೆ ಬರುತ್ತಾನೆ. ಬರೀ ಹೆಸರುಗಳ ಸಾದಾ ಪಟ್ಟಿ ಇದ್ದರೆ ಅದು ಸಾಕು.

ಹಾಗಾದರೆ ಯಾವುದು ಕೊಳ್ಳಬೇಕು? ಕೊಳ್ಳುವ ಮಾತೇ ಇಲ್ಲ, ಎರಡೂ ಬಿಟ್ಟಿ. ಹೆಸರುಗಳು ಇಂಗ್ಲಿಷ್‌ನಲ್ಲಿದ್ದು ಒಂದು ನಿಮಿಷದಲ್ಲಿ ಎಣಿಕೆ ಬೇಕು ಅಂದರೆ ಆಕ್, ಐದಕ್ಕೆ ನಾಲ್ಕೂವರೆ. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಗಲಾಟೆ ಇರುತ್ತದೆ, ಎಲ್ಲವನ್ನೂ ಚಿಕ್ಕದು ಮಾಡಿ ಎಣಿಸಿ. ನಮ್ಮ ಲಿಪಿಯಲ್ಲಿ ಆ ಗಲಾಟೆ ಇಲ್ಲ ಅನ್ನುವುದೊಂದು ಸಮಾಧಾನ. ಕನ್ನಡದಲ್ಲಿದ್ದರೆ ಆಕ್‌ಗೆ ಮೂರೂವರೆ, ಅದೂ ಗಾಕ್ ಹಾಕಿಕೊಂಡರೆ ಮಾತ್ರ. ಪೈಥಾನ್‌ಗೆ ನಾಲ್ಕು. ನಾನು ದಿನಾ ಬಳಸುವುದು ಇವತ್ತಿಗೂ ಆಕ್‌ನ್ನೇ, ಯಾಕೆಂದರೆ ಅದರ ಕಮಾಂಡ್ ಬೆರಳಿಗೆ ಕೂತುಬಿಟ್ಟಿದೆ, ಮತ್ತು ಸಂಜೆ ಹೊತ್ತು ಹಮಾಲರು ಪಕ್ಕದಲ್ಲಿ ನಿಂತು ಲೆಕ್ಕ ಕೇಳುತ್ತಿರುವಾಗ ಆರು ಸಾಲಿನ ಪ್ರೋಗ್ರಾಂ ಬರೆಯುವ ಪುರುಸೊತ್ತು ಯಾರಿಗಿದೆ. ವರ್ಷಕ್ಕೊಮ್ಮೆಯ ದೊಡ್ಡ ಎಣಿಕೆಗೆ ಪೈಥಾನ್.

ಟಾರ್ಪಾಲಿನ ಪಟ್ಟಿ 64 ಜನಕ್ಕೆ ಬಂದು ನಿಂತಿದೆ. ಸುರೇಶ ಇದ್ದಾನೆ. ಊರಿನ ಕಾಲಂ ಖಾಲಿ ಬಿಟ್ಟ 38 ಮುನಿಯಪ್ಪ ಸಾಲುಗಳು ಮಾತ್ರ ಯಾವ ಗೂಡಿಗೂ ಸೇರದೆ ಉಳಿದವು. ಯಾವ ಭಾಷೆಯಲ್ಲೂ ಇದಕ್ಕೆ ಕಮಾಂಡ್ ಇಲ್ಲ ಅಂತ ಕೈಚೆಲ್ಲಿ ಮಾವನ ಮುಂದೆ ಓದುತ್ತಾ ಹೋದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ಎಷ್ಟು ಬಾಕ್ಸ್?"

"ನಲವತ್ತೆರಡು."

"ಅದು ಕೆರೆ ಕೆಳಗ್ಲವನು. ಅವನ ಗಾಡಿಗೆ ಅಷ್ಟೇ ಹಿಡಿಯೋದು. ಮುಂದಕ್ಕೆ ಓದು."

"ಹದಿನೆಂಟು."

"ಅದು ವೇಮಗಲ್ಲೋನು, ಅರ್ಧ ಎಕ್ರೆ ಅಷ್ಟೆ."

29 ಸಾಲು ಹೀಗೇ ಸೇರಿದವು. ಉಳಿದ ಒಂಬತ್ತಕ್ಕೆ ಎಲೆ ಮುಗಿದಿತ್ತು, ನಾಳೆ ನೋಡೋಣ ಅಂದು ಎದ್ದರು. ನಾನು ಆ ರಾತ್ರಿ ಆಕ್‌ಗೆ ಒಂದು ಸಾಲು ಸೇರಿಸಿದೆ: ಹೆಸರು ಮುನಿಯಪ್ಪ, ಊರು ಖಾಲಿ, ಬಾಕ್ಸ್ 42 ಇದ್ದರೆ, ಕೆರೆ ಕೆಳಗಿನವನ ಗೂಡಿಗೆ ಹಾಕು.